ಮೂರು ಬಡಿತ

ಒಳಗೆ ನುಗ್ಗಿದ ಹೆಂಗಸು ಮೊದಲು ಬಾಗಿಲ ಚಿಲಕ ಹಾಕಿದಳು. ಆಮೇಲೆ ನನ್ನ ಸಾಮಾನಿನ ಪೆಟ್ಟಿಗೆಯನ್ನು ಕಾಲಿನಿಂದ ತಳ್ಳಿ ಬಾಗಿಲಿಗೆ ಅಡ್ಡ ಕೊಟ್ಟಳು.

"ಇನ್ನು ನಾಲ್ಕು ನಿಮಿಷಕ್ಕೆ ಒಬ್ಬಳು ಬಂದು ಬಾಗಿಲು ಬಡೀತಾಳೆ," ಎಂದಳು. "ತೆಗೀಬೇಡ ಚಿಕ್ಕಪ್ಪ."

ನನಗೆ ಇಪ್ಪತ್ತೇಳು. ಅವಳಿಗೆ ಮೂವತ್ತೈದಾದರೂ ದಾಟಿರಬೇಕು.

"ಅಮ್ಮಾ, ಇದು ಲಿಫ್ಟಿನ ಮೆಷಿನ್ ರೂಮು. ಹೊರಗಿನವರು ಬರಬಾರದು. ಕೆಳಗೆ ಲಿಫ್ಟಿನಡಿಯ ಗುಂಡಿಯಲ್ಲಿ ನಮ್ಮಣ್ಣ ಕೆಲಸ ಮಾಡ್ತಿದ್ದಾನೆ."

"ಗೊತ್ತು. ಅವನು ನಮ್ಮಪ್ಪ."

ಅಣ್ಣನೆಂದರೆ ಒಡಹುಟ್ಟಿದವನಲ್ಲ, ನನಗೆ ಕೆಲಸ ಕಲಿಸುತ್ತಿದ್ದ ಹಿರಿಯ ಮೆಕ್ಯಾನಿಕ್. ಅವನ ಮಗಳಿಗೆ ಆರು ವರ್ಷ. ಹೋದ ವಾರ ಜಾರುಬಂಡಿಯಿಂದ ಬಿದ್ದು ಹುಬ್ಬು ಸೀಳಿಕೊಂಡಾಗ ಎತ್ತಿಕೊಂಡು ಆಸ್ಪತ್ರೆಗೆ ಓಡಿದವನು ನಾನೇ. ಮೂರು ಹೊಲಿಗೆ ಬಿದ್ದಿದ್ದವು. ಈ ಹೆಂಗಸಿನ ಎಡ ಹುಬ್ಬಿನಲ್ಲೂ ಮೂರು ಹೊಲಿಗೆಯ ಗುರುತಿತ್ತು, ಹಳತಾಗಿ ಬಿಳಿಚಿಕೊಂಡು.

ಮೇನ್ ಸ್ವಿಚ್ಚಿನ ಹಿಡಿಯಲ್ಲಿ ಅಣ್ಣನ ಕೆಂಪು ಬಿಲ್ಲೆ ತೂಗುತ್ತಿತ್ತು. ಬಿಲ್ಲೆ ಹಾಕಿದವನೇ ಬಂದು ತೆಗೆಯಬೇಕು, ಅಲ್ಲಿಯವರೆಗೆ ಸ್ವಿಚ್ ಯಾರೂ ಮುಟ್ಟಬಾರದು. ಅದು ಕಂಪನಿಯ ನಿಯಮ. ಆರು ಮಹಡಿ ಹತ್ತಿ ಇಳಿಯಲು ಸೋಮಾರಿತನಪಟ್ಟು ನಾವಿಬ್ಬರೂ ಒಂದು ಒಳದಾರಿ ಮಾಡಿಕೊಂಡಿದ್ದೆವು. ಗುಂಡಿಯಿಂದ ಹೊರಬಂದವನು ಸ್ಪ್ಯಾನರಿನಿಂದ ಲಿಫ್ಟಿನ ಕಂಬಿಗೆ ಮೂರು ಸಲ ಬಡಿಯುವುದು. ಮೇಲಿದ್ದವನು ಬಿಲ್ಲೆ ತೆಗೆದು ಸ್ವಿಚ್ ಹಾಕುವುದು. ಇದು ನಮ್ಮಿಬ್ಬರನ್ನು ಬಿಟ್ಟು ನರಪಿಳ್ಳೆಗೂ ತಿಳಿದಿರಲಿಲ್ಲ.

"ಈಗ ಮೂರು ಬಡಿತ ಕೇಳುತ್ತೆ," ಎಂದಳು ಅವಳು. "ಅದು ಸನ್ನೆ ಅಲ್ಲ. ಕಂಬಿಯ ಬೋಲ್ಟು ಕೂರ್ತಿಲ್ಲ ಅಂತ ಅಪ್ಪ ಅದಕ್ಕೆ ಹೊಡೆಯೋದು. ನೀನು ಸನ್ನೆ ಅಂದ್ಕೊಂಡು ಸ್ವಿಚ್ ಹಾಕ್ತೀಯ."

ಕರೆಂಟು ಬಂದ ಕೂಡಲೇ ಈ ಹಳೆಯ ಲಿಫ್ಟು ತಾನಾಗಿ ನೆಲಮಹಡಿಗೆ, ಗುಂಡಿಯಲ್ಲಿದ್ದವನ ಮೇಲೆಯೇ, ಇಳಿಯುತ್ತದೆ.

"ಹೇಳಿದ್ದು ಒಳ್ಳೇದಾಯ್ತು. ಹಾಕಲ್ಲ."

"ಹಾಕು. ಅದನ್ನ ಹೇಳೋಕೇ ಬಂದಿದ್ದೀನಿ."

ಅವಳ ಮುಖದಲ್ಲಿ ತಮಾಷೆಯ ಸುಳಿವಿರಲಿಲ್ಲ.

"ಮೊದಲನೇ ಸಲ ನೀನು ಹಾಕಿದೆ. ಅಪ್ಪ ಹೋದ. ಅಮ್ಮ ಕೆಲಸಕ್ಕೆ ಸೇರಿದ್ಲು, ನನ್ನ ಸಾಕಿದ್ದು ನೀನು. ಜಡೆ ಹಾಕೋದು ಕೂಡ ಕಲಿತೆ, ಒಂದು ದಿನಾನೂ ನೆಟ್ಟಗೆ ಬರಲಿಲ್ಲ ಅನ್ನೋದು ಬೇರೆ ಮಾತು. ಆದ್ರೂ ನಂಗೆ ಅಪ್ಪ ಬೇಕಿತ್ತು. ಮೂವತ್ತು ವರ್ಷ ಹಿಂದಕ್ಕೆ ಬಂದು ನಿನ್ನ ತಡೆದೆ."

"ಬಂದೆ ಅಂದ್ರೆ, ಹೇಗೆ?"

"ಅದನ್ನ ಹೇಳ್ತಾ ಕೂತ್ರೆ ಹೊತ್ತು ಮೀರುತ್ತೆ. ಹಾಕಬೇಡ ಅಂತ ಕೈ ಹಿಡ್ಕೊಂಡೆ, ಯಾಕೆ ಅಂತ ಹೇಳಲಿಲ್ಲ. ಗೆದ್ದೆ ಅಂತ ವಾಪಸ್ ಹೋದೆ. ಅಪ್ಪ ಕೈ ಜಜ್ಜಿಕೊಂಡು ಹೊರಗೆ ಬಂದಿದ್ದ. ನಿನ್ನ ಗುಂಡಿಗೆ ಇಳಿಸಿ ತಾನು ಇಲ್ಲಿ ಬಂದು ಕೂತ. ನೀನೂ ಅದೇ ಬೋಲ್ಟಿಗೆ ಮೂರು ಸಲ ಬಡಿದೆ. ಅವನು ಸ್ವಿಚ್ ಹಾಕಿದ."

ನಾನು ನೆಲ ನೋಡಿದೆ. ಲಿಫ್ಟಿನ ಹಗ್ಗಗಳು ಇಳಿಯುವ ತೂತಿನಿಂದ ಗ್ರೀಸಿನ ವಾಸನೆ ಬರುತ್ತಿತ್ತು.

"ಅಪ್ಪ ಬದುಕಿದ್ದಾನೆ," ಎಂದಳು. "ಗೋಡೆ ನೋಡ್ತಾ ಕೂತಿರೋದನ್ನ ಬದುಕು ಅನ್ನೋದಾದ್ರೆ. ಮೊನ್ನೆ ಬಾಯಿ ಬಿಟ್ಟ. ಹೋಗಿ ಮೊದಲಿದ್ದ ಹಾಗೇ ಮಾಡಿ ಬಾ ಅಂದ. ಈ ಸಲ ಕಳಿಸಿದ್ದು ಅವನೇ."

ಬಾಗಿಲ ಮೇಲೆ ದಡದಡ ಸದ್ದಾಯಿತು. ಹೊರಗಿನಿಂದ ಕೇಳಿದ್ದು ಒಳಗಿರುವವಳದ್ದೇ ದನಿ: "ಚಿಕ್ಕಪ್ಪಾ, ಬಾಗಿಲು ತೆಗಿ. ಸ್ವಿಚ್ ಹಾಕಬೇಡ."

ಒಳಗಿನವಳು ಬೆನ್ನುಕೊಟ್ಟು ಬಾಗಿಲಿಗೆ ಒರಗಿದಳು. "ನಾನೇ. ಮೊದಲ ಸಲ ಬಂದಾಗಿನ ನಾನು. ಹಟ ನೋಡು ನಂದು. ಅವಳಿಗಿನ್ನೂ ಏನೂ ಗೊತ್ತಿಲ್ಲ."

ಆಗ ಕಂಬಿ ಮೊಳಗಿತು. ಟಣ್. ಟಣ್. ಟಣ್.

ಅವಳು ಕೈಚಾಚಿ ಬಿಲ್ಲೆಯನ್ನು ಕಿತ್ತು ನನ್ನ ಅಂಗೈಗೆ ತುರುಕಿದಳು. "ಹಾಕು. ಒಂದು ಕ್ಷಣದ ಕೆಲಸ. ಅವನಿಗೆ ನೋವೂ ಗೊತ್ತಾಗಲ್ಲ."

"ನಾನು ಗುಂಡಿಗೆ ಇಳಿಯದೇ ಹೋದ್ರೆ? ಇಬ್ಬರೂ ಉಳೀಬಹುದಲ್ಲ."

"ನೀನಾ? ಅಪ್ಪನ ಮಾತಿಗೆ ಯಾವತ್ತು ಆಗಲ್ಲ ಅಂದಿದ್ದೀಯ? ಅವನು ಕೂತ್ಕೋ ಅಂದ್ರೆ ಕುರ್ಚಿ ಇದೆಯಾ ಅಂತಾನೂ ನೋಡಲ್ಲ ನೀನು." ಅವಳು ಬೆನ್ನಿನಿಂದ ಬಾಗಿಲನ್ನು ಇನ್ನಷ್ಟು ಒತ್ತಿ ಹಿಡಿದಳು. "ಒಂದನ್ನ ಸರಿಮಾಡೋಕೆ ಹೋಗಿ ನಿನ್ನ ಕೊಂದೆ. ಇನ್ನೊಂದು ಹೊಸದು ಬೇಡ. ಅದರಲ್ಲಿ ಯಾರು ಸಾಯ್ತಾರೋ ಯಾರಿಗೆ ಗೊತ್ತು. ಆ ಮೊದಲನೇದು ನಂಗೆ ಗೊತ್ತು. ಅದರಲ್ಲಿ ನೀನಿದ್ದೆ. ಹಾಕು ಚಿಕ್ಕಪ್ಪ."

ನನ್ನ ಕೈ ಸ್ವಿಚ್ಚಿನ ಹಿಡಿಯ ಹತ್ತಿರಕ್ಕೆ ಹೋಗಿದ್ದು ಸುಳ್ಳಲ್ಲ. ಬೆರಳು ತಣ್ಣನೆಯ ಕಬ್ಬಿಣಕ್ಕೆ ತಾಗಿತು. ಅಣ್ಣ ಕೆಳಗೆ ಬಗ್ಗಿ, ನಾಲಿಗೆ ಕಚ್ಚಿಕೊಂಡು ಬೋಲ್ಟು ತಿರುಗಿಸುತ್ತಿರುವುದು ಕಣ್ಣಿಗೆ ಕಟ್ಟಿತು. ಕೈ ಹಿಂದಕ್ಕೆಳೆದೆ. ಬಿಲ್ಲೆಯನ್ನು ಮತ್ತೆ ಅದರ ಜಾಗಕ್ಕೆ ಸಿಕ್ಕಿಸಿದೆ.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಗುಂಡಿಯಲ್ಲಿ ಸಿಗ್ನಲ್ ಸಿಗುವುದಿಲ್ಲ. ಅಣ್ಣ ಹೊರಗೆ ಬಂದಿದ್ದ. ಸ್ಪೀಕರ್ ಹಾಕಿದೆ.

"ಕೈ ಜಜ್ಜಿ ಹೋಯ್ತು ಕಣೋ," ಎಂದ. "ಹಾಳಾದ್ದು ಬೋಲ್ಟು, ನನ್ನ ಹೆಂಡ್ತಿಗಿಂತ ಹಟ ಅದಕ್ಕೆ."

ಹೆಂಗಸು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹೊರಗಿನ ಬಡಿತವೂ ನಿಂತಿತು.

"ಕೇಳಿಸ್ತಿದೆಯಾ? ನೀನು ಬಂದು ಗುಂಡಿಗೆ ಇಳಿ, ನಾನು ಮೇಲೆ ಹೋಗಿ ಕೂರ್ತೀನಿ. ಗುಂಡಿ ಕೆಲಸ ಕೊಡು ಅಂತ ಎರಡು ವರ್ಷದಿಂದ ನನ್ನ ಜೀವ ತಿಂದಿದ್ದೀಯಲ್ಲ, ತಗೋ, ಇವತ್ತು ಕೊಟ್ಟೆ. ಆ ಬೋಲ್ಟು ಕೂರಿಸು, ಸಂಜೆಗೇ ನಿನ್ನ ಕಾಗದಕ್ಕೆ ಸಹಿ ಹಾಕ್ತೀನಿ. ನಾಳೆಯಿಂದ ನೀನೂ ಮೆಕ್ಯಾನಿಕ್ಕು. ಏನೋ, ಖುಷಿಗೆ ಮಾತೇ ನಿಂತುಹೋಯ್ತಾ?"

ಹೆಂಗಸು ನನ್ನನ್ನೇ ನೋಡುತ್ತಿದ್ದಳು.

"ಇಲ್ಲ ಅಣ್ಣ," ಎಂದೆ. "ನಾನು ಇಳಿಯಲ್ಲ."