ಇಬ್ಬರೂ ಬನ್ನಿ

ಅಳಿಯ ಪೆನ್ನಿನ ಮುಚ್ಚಳ ತೆಗೆದು ಅತ್ತೆಯ ಕೈಗೆ ತುರುಕಿದ. ಅಡುಗೆಮನೆಯ ಬಾಗಿಲನ್ನು ಬೆನ್ನಿನಿಂದ ಒತ್ತಿ ಹಿಡಿದಿದ್ದ.

"ಒಂದೇ ಸಹಿ ಅತ್ತೆ. ಬ್ಯಾಂಕಿನವರು ಹೊರಗೆ ಕಾರಲ್ಲೇ ಕಾಯ್ತಿದಾರೆ. ಇವತ್ತು ಸಂಜೆ ದಾಟಿದ್ರೆ ಸಾಲ ರದ್ದು, ಅಂಗಡಿ ಬೇರೆಯವನ ಪಾಲು. ಕೊಟ್ಟ ಮುಂಗಡಾನೂ ಗೋವಿಂದ."

"ಇವತ್ತೇನಾ?" ಎಂದಳು ಆಕೆ. ಗಂಡನ ಮುಖ ಒರೆಸಿದ ಒದ್ದೆ ಬಟ್ಟೆ ಇನ್ನೂ ಎಡಗೈಯಲ್ಲಿತ್ತು.

"ನನಗೇನು ಖುಷೀನಾ? ಮಾವ ನೋಡೋಣ, ನೋಡೋಣ ಅಂತಾನೇ ದಿನ ತಳ್ಳಿದ್ರು. ಊರಿಗೆಲ್ಲ ಮನೆ ಸಾಲ ಮಾಡಿಸಿಕೊಟ್ಟೋರು, ಅಳಿಯನಿಗೆ ಮಾತ್ರ ಕೈ ಎತ್ತಿಬಿಟ್ರು."

ಅವನದು ಟೈರಿನ ಅಂಗಡಿ. ಪಕ್ಕದ ಮಳಿಗೆಯನ್ನೂ ಕೊಳ್ಳಬೇಕೆಂದು ಹಟ. ಅದಕ್ಕೆ ಅಡ ಇಡಬೇಕಾದದ್ದು ಈ ಮನೆಯನ್ನೇ. ಮನೆ ಅತ್ತೆಯ ಹೆಸರಿನಲ್ಲಿತ್ತು.

ನಡುಮನೆಯಲ್ಲಿ ಮಾವನ ಹೆಣ ಮಲಗಿತ್ತು. ಸಾವಿನ ಮನೆಯ ಪಿಸುಮಾತಿಗಿರುವ ಗಂಟಲು ಮೈಕಿಗೂ ಇರುವುದಿಲ್ಲ. ಪೇಟೆಯ ಇನ್ನೊಬ್ಬ ಸಾಲದ ಬ್ರೋಕರ್ ಪಕ್ಕದವರಿಗೆ ಹೇಳುತ್ತಿದ್ದುದು ಅಡುಗೆಮನೆಗೂ ಕೇಳಿಸುತ್ತಿತ್ತು.

"ಇವನಿಗೆ ಕರಿನಾಲಗೆ ಅಂತ ಹೆಸರಿಟ್ಟಿದ್ದೇ ನಾನು. ಹೊಸ ಮನೆ ಕೊಳ್ಳೋಕೆ ಬಂದೋರನ್ನ ಕೂರಿಸ್ಕೊಂಡು, ನಾಳೆ ನೀವು ಹೋಗಿಬಿಟ್ರೆ ಕಂತು ಯಾರು ಕಟ್ತಾರೆ ಅಂತ ಕೇಳೋದಾ! ಎದ್ದು ಸೀದಾ ನನ್ನ ಆಫೀಸಿಗೆ ಬರ್ತಿದ್ರು. ನನ್ನ ಅರ್ಧ ವ್ಯಾಪಾರ ಈ ಪುಣ್ಯಾತ್ಮನ ಬಾಯಿಂದಾನೇ ನಡೀತು." ನಗಲು ಹೊರಟವನು, ಎಲ್ಲಿ ಕೂತಿದ್ದೇನೆಂದು ನೆನಪಾಗಿ ಕೆಮ್ಮಿದ.

*

ಮನೆಯ ಮುಂದಿನ ಕೋಣೆಯೇ ಸತ್ತವನ ಆಫೀಸಾಗಿತ್ತು. ಮೇಜಿನ ಎದುರು ಎರಡು ಕುರ್ಚಿ. ಸಾಲ ಕೇಳಲು ಗಂಡನೊಬ್ಬನೇ ಬಂದರೆ ಚಹಾ ಕುಡಿಸಿ, "ಇಬ್ಬರೂ ಬನ್ನಿ" ಎಂದು ವಾಪಸು ಕಳಿಸುತ್ತಿದ್ದ. ಇಬ್ಬರೂ ಬಂದ ಮೇಲೆ ನಾಲ್ಕಾರು ಬ್ಯಾಂಕು ಸುತ್ತಿ, ಯಾರ ಬಡ್ಡಿ ಕಡಿಮೆ, ಯಾರ ಷರತ್ತು ಕುತ್ತಿಗೆಗೆ ಬರುತ್ತದೆ ಎಂದು ಬಿಡಿಸಿ ಹೇಳುತ್ತಿದ್ದ. ಕೊನೆಗೆ ಆ ಹಾಳು ಪ್ರಶ್ನೆ.

ಒಮ್ಮೆ ಒಬ್ಬ ಕುರ್ಚಿ ಬೀಳುವಂತೆ ಎದ್ದು ನಿಂತ. "ಸಾಲ ಕೇಳೋಕೆ ಬಂದ್ರೆ ಸಾವು ತೋರಿಸ್ತೀಯೇನಯ್ಯಾ?" ಎಂದು ದಡದಡ ಹೊರಟೇಹೋದ. ಅವನ ಹೆಂಡತಿ ಮಾತ್ರ ಹೊಸ್ತಿಲಲ್ಲಿ ನಿಂತು, "ಕಂತು ಎಷ್ಟು ಅಂದ್ರಿ?" ಎಂದು ಮೆಲ್ಲಗೆ ಕೇಳಿದಳು. ಅವನು ಹೇಳಿದ. ಅವಳು ಸೆರಗು ಬಿಗಿದುಕೊಂಡು ಗಂಡನ ಹಿಂದೆ ಓಡಿದಳು.

ಅವತ್ತು ಮನೆಯಾಕೆಗೆ ಕೋಪ ನೆತ್ತಿಗೇರಿತು. "ಬಾಯಿ ಮುಚ್ಕೊಂಡು ಕಮಿಷನ್ ತಗೊಂಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ತಿನ್ನೋ ಅನ್ನಕ್ಕೆ ನೀವೇ ಮಣ್ಣು ಹಾಕ್ತೀರಲ್ರೀ!"

ಅವನು ಕುರ್ಚಿ ಎತ್ತಿ ನಿಲ್ಲಿಸಿದ. "ಸಾಲ ತೀರೋಕೆ ಅರ್ಧ ಆಯಸ್ಸು ಬೇಕು ಕಣೇ. ನಡುವೆ ಯಾರಿಗೆ ಏನು ಬೇಕಾದ್ರೂ ಆಗಬಹುದು. ಉಳಿದೋರಿಗೆ ಮೊದಲೇ ಗೊತ್ತಿರ್ಲಿ ಅಂತ."

ಆಕೆ ಮುಖ ತಿರುಗಿಸಿಕೊಂಡು ಒಳಗೆ ಹೋದಳು. ರಾತ್ರಿ ಊಟಕ್ಕೂ ಕರೆಯಲಿಲ್ಲ.

*

"ಗಾಡಿ ಬಂತು!" ಎಂದು ಹೊರಗೆ ಯಾರೋ ಕೂಗಿದರು.

"ಬೇಗ ಅತ್ತೆ," ಎಂದ ಅಳಿಯ. ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು.

ಆಕೆ ಪೆನ್ನು ಕಾಗದಕ್ಕೆ ತಾಗಿಸಿದಳು. ತಾಗಿಸಿ ಹಾಗೇ ನಿಂತಳು. "ನಿಮ್ಮ ಮಾವ ನಿಮಗೇನು ಹೇಳಿದ್ರು?"

"ಏನೂ ಇಲ್ಲ."

"ಒಳಗಿಂದ ನನಗೆ ಕೇಳಿಸ್ತಿತ್ತು. ನಿಮ್ಮ ಬಾಯಲ್ಲೇ ಹೇಳಿ."

ಅವನು ತಲೆ ತಗ್ಗಿಸಿದ. "ನಿನ್ನ ಹೆಂಡ್ತೀನೂ ಕರ್ಕೊಂಡು ಬಾ ಅಂದ್ರು."

"ಯಾಕೆ ಕರ್ಕೊಂಡು ಬರ್ಲಿಲ್ಲ?"

"ಅವಳಿಗೆ ಇದೆಲ್ಲ ಏನು ಗೊತ್ತಾಗುತ್ತೆ ಅತ್ತೆ? ಸುಮ್ನೆ ತಲೆಬಿಸಿ."

ಆಕೆ ಪೆನ್ನು ಕೆಳಗಿಟ್ಟಳು. ಅಳಿಯನನ್ನು ಪಕ್ಕಕ್ಕೆ ಸರಿಸಿ, ಕಾಗದದ ಕಟ್ಟು ಹಿಡಿದುಕೊಂಡು ನಡುಮನೆಗೆ ನಡೆದಳು. ಮಗಳು ಅಪ್ಪನ ತಲೆಯ ಬಳಿ ಕೂತಿದ್ದಳು. ಹೊರಲು ಬಂದವರು ಬಾಗಿ ಎತ್ತಲು ಸಿದ್ಧರಾಗಿದ್ದರು.

"ಪುಟ್ಟೀ, ಇಲ್ನೋಡು. ನಾಳೆ ನಿನ್ನ ಗಂಡ ಹೋಗಿಬಿಟ್ರೆ ಕಂತು ಯಾರು ಕಟ್ತಾರೆ?"

ಸತ್ತವನ ಅಕ್ಕ ಎದೆ ಹಿಡಿದುಕೊಂಡಳು. "ಅಯ್ಯಯ್ಯೋ, ಬಿಡ್ತು ಅನ್ನೇ! ಹೆಣದ ಮುಂದೆ ಅಳಿಯನಿಗೆ ಆಡೋ ಮಾತಾ ಇದು? ನಿನಗೂ ಬಂತಾ ಆ ನಾಲಗೆ?"

"ಬಿಡ್ತು ಅನ್ನಲ್ಲ ಅತ್ತಿಗೆ. ಅವಳು ಹೇಳ್ಲಿ."

ಮಗಳು ಅತ್ತು ಕೆಂಪಾದ ಕಣ್ಣು ಎತ್ತಿದಳು. "ಯಾವ ಕಂತಮ್ಮಾ?"

ಆ ಮಾತು ಕೇಳಿ ಪೇಟೆಯ ಬ್ರೋಕರ್ ಕೂಡ ನೆಲ ನೋಡಿದ. ಅಳಿಯ ಹಿಂದಿನಿಂದ ಬಂದು, "ಆಮೇಲೆ ಹೇಳ್ತೀನಿ, ಏಳು, ಹೊತ್ತಾಯ್ತು" ಎಂದ.

"ಈ ಮನೇನ ಅಡ ಇಟ್ಟು ಮಾಡೋ ಸಾಲದ್ದು," ಎಂದಳು ತಾಯಿ. "ನಾನು ಬೇಡ ಅಂತಿಲ್ಲ ಕಣಮ್ಮಾ. ನೀನು ಓದು. ಓದಿ, ಏನೇ ಆದ್ರೂ ನಾನು ಕಟ್ತೀನಿ ಅನ್ನು, ಈಗಲೇ ಸಹಿ ಹಾಕ್ತೀನಿ. ಓದದೆ ಮಾತ್ರ ಅನ್ನಬೇಡ."

ಮಗಳು ಕೈ ಚಾಚಿ ಕಾಗದ ತೆಗೆದುಕೊಂಡಳು. ಏಳಲಿಲ್ಲ. ಅಪ್ಪನ ಪಕ್ಕದಲ್ಲೇ ಮಂಡಿಯ ಮೇಲೆ ಮೊದಲ ಹಾಳೆ ಹರವಿಕೊಂಡು, ಅಕ್ಷರಗಳ ಕೆಳಗೆ ಬೆರಳಿಟ್ಟು, ಗಟ್ಟಿಯಾಗಿ ಓದತೊಡಗಿದಳು. ಹೊರಗೆ ಗಾಡಿಯವನು ಎರಡು ಸಲ ಹಾರ್ನ್ ಹೊಡೆದ. ಹೊರುವವರು ಅತ್ತಿತ್ತ ನೋಡಿದರು. ಯಾರೂ ಬಾಗಲಿಲ್ಲ.

"ಅದೆಲ್ಲ ಎಲ್ಲರಿಗೂ ಇರೋದೇ, ಕೊನೇ ಹಾಳೆ ನೋಡಿದ್ರೆ ಸಾಕು," ಎಂದು ಗಂಡ ಬಗ್ಗಿ ಹಾಳೆ ಮಗುಚಲು ಹೋದ.

ಅವಳು ಹಾಳೆಯನ್ನು ಅಂಗೈಯಿಂದ ಒತ್ತಿ ಹಿಡಿದಳು. ಮೂಗು ಒರೆಸಿಕೊಂಡು, ಮತ್ತೆ ಮೊದಲಿನಿಂದ ಓದತೊಡಗಿದಳು.