ದೆವ್ವದಕ್ಕನ ಎರಡನೇ ಹಾಡು

ಕಾರು ಕಲಿಸೋ ಟೀಚರಮ್ಮನಿಗೆ ಬೀದಿಯವರು ಇಟ್ಟಿದ್ದ ಹೆಸರು ದೆವ್ವದಕ್ಕ. ಹಾಗಂತ ಅವರು ಯಾರಿಗೂ ಕಾಟ ಕೊಟ್ಟವರಲ್ಲ. ಪಕ್ಕದ ಸೀಟಲ್ಲಿ ಕೂತು "ಕ್ಲಚ್ಚು, ಕ್ಲಚ್ಚು" ಅಂತ ಜಪ ಮಾಡೋದನ್ನೂ ಕಾಟ ಅಂತ ಲೆಕ್ಕ ಹಿಡಿದ್ರೆ ಮಾತು ಬೇರೆ.

ಹೆಸರು ಬಂದಿದ್ದು ಒಂದು ಸಿನಿಮಾದಿಂದ. ಟೀಚರಮ್ಮ ಇನ್ನೂ ಎರಡು ಜಡೆ ಹಾಕ್ಕೊಂಡು ಓಡಾಡ್ತಿದ್ದ ಕಾಲಕ್ಕೆ ಬಂದಿದ್ದು. ಅದರಲ್ಲಿ ದೆವ್ವ ಇರೋದು ಹಾಳು ಬಂಗಲೆಯಲ್ಲೂ ಅಲ್ಲ, ಬಾವಿಯಲ್ಲೂ ಅಲ್ಲ, ಫ್ರಿಜ್ಜಿನಲ್ಲಿ. ಮನೆಯವರು ಹಾಲಿಗೆ ಅಂತ ಬಾಗಿಲು ತೆಗೆದ್ರೆ ಒಳಗಿನ ದೀಪ ಹತ್ತುತ್ತೆ, ಟೊಮೇಟೊ ಹಿಂದಿನಿಂದ ದೆವ್ವ ಹಾಡೋಕೆ ಶುರು ಮಾಡುತ್ತೆ: "ಮುಚ್ಚಬೇಡ, ಮುಚ್ಚಬೇಡ, ಒಳಗೆ ನಾನಿದೀನಿ..." ಆ ದನಿ ಟೀಚರಮ್ಮನದು. ಸಿನಿಮಾ ನೋಡಿ ನಿಜವಾಗಿ ಹೆದರಿದವನು ಅದಕ್ಕೆ ದುಡ್ಡು ಹಾಕಿದ ನಿರ್ಮಾಪಕ ಒಬ್ಬನೇ. ಹಾಡು ಮಾತ್ರ ಮನೆಮನೆಗೂ ಹೊಕ್ಕಿತು, ಫ್ರಿಜ್ಜು ಇಲ್ಲದ ಮನೆಗೂ.

ಆಮೇಲೆ ಸಿನಿಮಾನೂ 'ಕಲ್ಟ್' ಆಯ್ತು. ಕಲ್ಟ್ ಅಂದ್ರೆ, ಕೆಟ್ಟದ್ದು ಅಂತ ಗೊತ್ತಿದ್ದೂ ಬಿಡೋಕಾಗದ್ದು. ಸಿಗರೇಟಿನ ಥರ, ಕೆಲವು ನೆಂಟರ ಥರ. ವರ್ಷಕ್ಕೊಂದು ಸಲ ಅಭಿಮಾನಿಗಳು ಫ್ರಿಜ್ಜಿನ ರಟ್ಟಿನ ಡಬ್ಬ ತೊಟ್ಟು ಒಂದೆಡೆ ಸೇರಿ, ಡೈಲಾಗನ್ನ ನಟರಿಗಿಂತ ಮೊದಲೇ ಕೂಗಿ ಮನೆಗೆ ಹೋಗ್ತಾರೆ. ಹಾಡಿಗಂತೂ ಅಣಕದ ಮೇಲೆ ಅಣಕ. ಹಾಸ್ಟೆಲ್ ಹುಡುಗರು ಕಟ್ಟಿದ ಬಚ್ಚಲುಮನೆ ಆವೃತ್ತಿ "ತಟ್ಟಬೇಡ, ತಟ್ಟಬೇಡ, ಒಳಗೆ ನಾನಿದೀನಿ" ಅಸಲಿಗಿಂತ ದೂರ ಹೋಯ್ತು. ಈಗಿನ ಮಕ್ಕಳು ಅದನ್ನೇ ಅಸಲು ಅಂದ್ಕೊಂಡಿದಾರೆ. ಟೀಚರಮ್ಮ ಮೊದಮೊದಲು ಸಿಟ್ಟಾದ್ರು, ಆಮೇಲೆ ಸುಮ್ಮನಾದ್ರು, ಈಗೀಗ ಬಚ್ಚಲುಮನೆ ಬಾಗಿಲು ಯಾರಾದ್ರೂ ತಟ್ಟಿದ್ರೆ ಅವರೇ ಒಳಗಿನಿಂದ ಹಾಡ್ತಾರೆ.

ಅವರಿಗೆ ಇದ್ದ ಕೊರಗು ಒಂದೇ. ಆ ಹಾಡಾದ ಕೆಲವು ವರ್ಷಕ್ಕೆ, ಮದುವೆಯಾದ ಮೇಲೆ, ಅವರು ಇನ್ನೊಂದು ಹಾಡು ಮಾಡಿದ್ರು. ರಾಗ ಅವರದು, ಪದ ಯಜಮಾನರದು. ಫ್ಯಾನು ರಿಪೇರಿ ಮಾಡೋ ಯಜಮಾನರು ಜೀವಮಾನದಲ್ಲಿ ಬರೆದಿದ್ದು ಅದೊಂದೇ. ಒಣಗಿದ ದುಪ್ಪಟಿಯನ್ನ ಗಂಡ ಹೆಂಡ್ತಿ ಸೇರಿ ಮಡಿಸೋ ಹಾಡು: "ನೀನು ಆ ತುದಿ ಹಿಡಿ, ನಾನು ಈ ತುದಿ, ಮಡಿಸ್ತಾ ಮಡಿಸ್ತಾ ಹತ್ತಿರ ಬರೋಣ." ಕ್ಯಾಸೆಟ್ ಕಂಪನಿಯವನು ಕೇಳಿ, "ಚೆನ್ನಾಗಿದೆ ತಾಯಿ, ಆದ್ರೆ ಇದರಲ್ಲಿ ಹೆದರೋಕೇನಿದೆ?" ಅಂತ ವಾಪಸ್ ಕೊಟ್ಟಿದ್ದ. ಹಾಡು ಮನೆಯಿಂದ ಆಚೆ ಕಾಲಿಡಲೇ ಇಲ್ಲ. ಗುರುತು ಪರಿಚಯ ಇಲ್ಲದ ಒಬ್ಬರಾದ್ರೂ ಅದನ್ನ ಕೇಳಬೇಕು, ಬಾಯಲ್ಲಿ ಗುನುಗಬೇಕು. ಟೀಚರಮ್ಮನ ಆಸೆ ಇಷ್ಟೇ.

ಹೀಗಿರುವಾಗ ಪೇಟೆಯ ಭಾವ–ಭಾಮೈದ ಜೋಡಿಯೊಂದರ ಫೋನ್ ಬಂತು.

ಭಾವ–ಭಾಮೈದ ಇಬ್ಬರಿಗೂ ಸೇರಿ ಹಾಸಿಗೆ ಅಂಗಡಿ. ಅಂಗಡಿ ಹಿಂದೆ ಹಾಸಿಗೆಗಳನ್ನೇ ಗೋಡೆ ಥರ ನಿಲ್ಲಿಸಿ, ಆಚೆ ಸದ್ದು ಒಳಗೆ ಬರದ ಹಾಗೆ ಒಂದು ಗೂಡು ಮಾಡ್ಕೊಂಡು, ಗಿರಾಕಿ ಇಲ್ಲದ ಹೊತ್ತಲ್ಲಿ ಪಾಡ್‌ಕಾಸ್ಟ್ ಮಾಡೋರು. ಹೆಸರು 'ಒಂದೇ ಏಟು'. ಒಂದೇ ಒಂದು ಹಿಟ್ ಹಾಡು ಕೊಟ್ಟು ಮಾಯವಾದವರನ್ನ ಹುಡುಕಿ ಮಾತಾಡಿಸೋದು, ಕೊನೆಗೆ ಭಾಮೈದ ಆ ಹಾಡಿಗೊಂದು ಅಣಕ ಕಟ್ಟಿ ಹಾಡೋದು, ಮಧ್ಯೆ ಮಧ್ಯೆ ಇಬ್ಬರೂ ಹಳೇ ದೆವ್ವದ ಸಿನಿಮಾಗಳ ಎಲುಬು ಎಣಿಸೋದು.

"ಅಕ್ಕಾ, ನೀವು ನಮಗೆ ಒಂದೇ ಕಲ್ಲಿಗೆ ಮೂರು ಹಕ್ಕಿ. ಒಂದೇ ಹಿಟ್, ಅಣಕ, ದೆವ್ವ, ಮೂರೂ ನಿಮ್ಮ ಹತ್ರಾನೇ ಇದೆ. ಬರಲೇಬೇಕು," ಅಂದ ಭಾವ.

"ಬರ್ತೀನಿ. ನನ್ನ ಎರಡನೇ ಹಾಡು ಹಾಕ್ತೀರಾ?"

ಆ ಕಡೆ ಫೋನಿಗೆ ಅಂಗೈ ಮುಚ್ಚಿದ ಸದ್ದು. ಗುಸುಗುಸು. ಆಮೇಲೆ ಭಾಮೈದನ ದನಿ: "ಅಕ್ಕಾ, ಒಂದು ತೊಡಕು. ಅದೇನಾದ್ರೂ ಹಿಟ್ ಆಗಿಬಿಟ್ರೆ ನೀವು ನಮ್ಮ ಕಾರ್ಯಕ್ರಮಕ್ಕೇ ಲಾಯಕ್ಕಿಲ್ಲದೆ ಹೋಗ್ತೀರಲ್ಲ?"

"ಆದಾಗ ತೆಗೆದು ಹಾಕು ಮಾರಾಯ, ನನಗೇನೂ ಬೇಜಾರಿಲ್ಲ."

ಮಹಡಿಯಲ್ಲಿ ಬಟ್ಟೆ ತೆಗೀತಾ ಟೀಚರಮ್ಮ ಸುದ್ದಿ ಹೇಳಿದಾಗ ಯಜಮಾನರು ಕ್ಲಿಪ್ಪುಗಳನ್ನ ಜೇಬಿಗೆ ತುಂಬ್ಕೊಳ್ತಾ, "ನೀನಾದ್ರೆ ಒಂದು ಹಿಟ್‌ನ ಗಾಯಕಿ. ನಾನು ಸೊನ್ನೆ ಹಿಟ್‌ನ ಕವಿ. ನನ್ನನ್ನ ಕರೆಯೋಕೆ ಯಾವ ಪಾಡ್‌ಕಾಸ್ಟೂ ಇಲ್ಲ," ಅಂದ್ರು.

"ನಿಮ್ಮಂಥವರು ಜಾಸ್ತಿ ಇದಾರೆ, ಕರೆಯೋಕೆ ಶುರು ಮಾಡಿದ್ರೆ ಮುಗಿಯಲ್ಲ."

"ಹೋಗಿ ಬಾ. ಹಾಡುವಾಗ ಎರಡನೇ ಚರಣದಲ್ಲಿ ಉಸಿರು ನುಂಗಬೇಡ. ಅಲ್ಲೇ ನಾನು ಒಳ್ಳೇ ಪದ ಹಾಕಿರೋದು."

ರೆಕಾರ್ಡಿಂಗ್ ಚೆನ್ನಾಗೇ ಆಯ್ತು. ಟೀಚರಮ್ಮನನ್ನ ಮಾರಾಟಕ್ಕಿಟ್ಟ ಹಾಸಿಗೆ ಮೇಲೇ ಕೂರಿಸಿದ್ರು. ಅದು ಎಷ್ಟು ಮೆತ್ತಗಿತ್ತು ಅಂದ್ರೆ ಮಾತಾಡ್ತಾ ಮಾತಾಡ್ತಾ ಅವರು ಮೈಕಿನ ಮಟ್ಟದಿಂದ ಕೆಳಗಿಳೀತಿದ್ರು, ಭಾಮೈದ ಹಿಂದೆಯೇ ದಿಂಬು ತುರುಕ್ತಿದ್ದ. ಫ್ರಿಜ್ಜಿನ ಕಥೆ, ಟೊಮೇಟೊ ಕಥೆ, ದೆವ್ವಕ್ಕೆ ನೆಗಡಿಯಾಗಿ ಶೂಟಿಂಗ್ ನಿಂತ ಕಥೆ, ಎಲ್ಲಾ ಬಂತು. ಕೊನೆಗೆ ಟೀಚರಮ್ಮ ದುಪ್ಪಟಿ ಹಾಡು ಹಾಡಿದ್ರು, ಹಿಂದೆ ವಾದ್ಯ ಏನೂ ಇಲ್ಲದೆ. ಭಾವ ಕನ್ನಡಕ ತೆಗೆದು ಒರೆಸ್ಕೊಂಡ. ಭಾಮೈದ ದಿಂಬು ತುರುಕೋದನ್ನೇ ಮರೆತ.

ಕಂತು ಹೊರಬಿತ್ತು. ಕೇಳಿದವರೆಲ್ಲ ಒಂದೊಂದು ಮಾತು ಬರೆದ್ರು. ಟೀಚರಮ್ಮ ಮೂಗಿನ ತುದಿಗೆ ಕನ್ನಡಕ ಇಳಿಸಿ, ಬೆರಳಲ್ಲಿ ಸರಿಸ್ತಾ ಸರಿಸ್ತಾ ಓದಿದ್ರು. ಫ್ರಿಜ್ಜು ಸೂಪರ್. ದೆವ್ವದಕ್ಕ ಜಿಂದಾಬಾದ್. ತಟ್ಟಬೇಡ ಹಾಡಿಸಬೇಕಿತ್ತು. ಫ್ರಿಜ್ಜು. ಫ್ರಿಜ್ಜು. ಆ ಟೊಮೇಟೊ ನಿಜವಾದದ್ದಾ? ದುಪ್ಪಟಿ ಬಗ್ಗೆ ಒಂದಕ್ಷರ ಇಲ್ಲ.

"ಹಾಡು ಶುರುವಾದ ಕೂಡ್ಲೇ ಓಡಿಸ್ಕೊಂಡು ಮುಂದೆ ಹೋಗ್ತಾರೆ," ಅಂತ ಯಜಮಾನರು ಸಮಾಧಾನ ಮಾಡಿದ್ರು. "ಗೊತ್ತಿಲ್ಲದ ಹಾಡಿಗೆ ಯಾರು ನಿಲ್ತಾರೆ?"

ಟೀಚರಮ್ಮ ಆವತ್ತು ಕಲಿಯೋಕೆ ಬಂದ ಹುಡುಗನಿಗೆ ಕಾರು ಹಿಂದಕ್ಕೆ ತಗೊಳ್ಳೋದು ಹೇಳಿಕೊಡ್ತಾ ಕೊಡ್ತಾ ಯೋಚನೆ ಮಾಡಿದ್ರು. ಫ್ರಿಜ್ಜಿನ ಹಾಡು ಯಾಕೆ ಉಳೀತು? ಚೆನ್ನಾಗಿದ್ದಿದ್ದಕ್ಕಾ? ಅದರಪ್ಪನಂಥಾ ಹಾಡುಗಳು ಸತ್ತು ಹೋಗಿವೆ. ಉಳಿದಿದ್ದು ಹಾಸ್ಟೆಲ್ ಹುಡುಗರ ಬಚ್ಚಲುಮನೆಯಿಂದ. ಅಂದ್ಮೇಲೆ... "ಮೇಡಂ, ಕಂಬ!" ಅಂತ ಹುಡುಗ ಕೂಗಿದ. ಹೇಳಬೇಕಾದವರು ಅವರು, ಹೇಳಿದ್ದು ಅವನು.

ಪಾಠ ಮುಗಿದ ಕೂಡ್ಲೇ ಕಾರನ್ನ ನೇರ ಹಾಸಿಗೆ ಅಂಗಡಿಗೆ ಬಿಟ್ರು.

"ನನ್ನ ದುಪ್ಪಟಿ ಹಾಡಿಗೆ ಅಣಕ ಕಟ್ಟಿಕೊಡು," ಅಂದ್ರು ಭಾಮೈದನಿಗೆ.

ಭಾಮೈದ ಕೈಲಿದ್ದ ದಿಂಬಿನ ಗವಸು ಕೆಳಗಿಟ್ಟ. "ಆಗಲ್ಲ ಅಕ್ಕಾ."

"ಯಾಕೆ? ಊರಿನ ಹಾಡೆಲ್ಲಾ ಕೆಡಿಸ್ತೀಯಾ."

"ಅವೆಲ್ಲಾ ಆಗಲೇ ಕೆಟ್ಟಿದ್ವು. ಇದು ಚೆನ್ನಾಗಿದೆ. ಕೈ ಹಾಕೋಕೆ ಮನಸ್ಸು ಬರಲ್ಲ."

"ಚೆನ್ನಾಗಿದೆ ಅಂತ ಗಾಜಿನ ಬೀರುವಲ್ಲಿ ಇಟ್ಟು ಬೀಗ ಹಾಕ್ತೀಯಾ? ಇಷ್ಟು ವರ್ಷ ಅದೇ ಆಗಿದೆ ಕಣೋ. ಮರ್ಯಾದೆಯಲ್ಲೇ ಸತ್ತು ಹೋಗುತ್ತೆ ಅದು."

ಭಾವ ನಡುವೆ ಬಾಯಿ ಹಾಕಿದ: "ಅಕ್ಕಾ, ಅಸಲು ಗೊತ್ತಿಲ್ದೆ ಅಣಕ ಕೇಳಿದ್ರೆ ನಗು ಹೇಗೆ ಬರುತ್ತೆ? ಕನ್ನಡಿಯಲ್ಲಿ ಮುಖ ಕಾಣಬೇಕು ಅಂದ್ರೆ ಮುಖ ಇರಬೇಕಲ್ಲ?"

"ತಟ್ಟಬೇಡ ಹಾಡೋ ಮಕ್ಕಳಿಗೆ ಮುಚ್ಚಬೇಡ ಗೊತ್ತಾ? ನಗಲ್ವಾ ಅವು? ಮೊದಲು ಅಣಕ ಹೋಗಲಿ ಆಚೆ. ಅದರ ಬಾಲ ಹಿಡ್ಕೊಂಡು ಒಂದಲ್ಲಾ ಒಂದಿನ ಯಾರಾದ್ರೂ ಅಸಲು ಹುಡುಕ್ಕೊಂಡು ಬರ್ತಾರೆ."

"ಬರದೇ ಇದ್ರೆ?" ಅಂದ ಭಾಮೈದ.

ಬರದೇ ಇದ್ರೆ, ತಮ್ಮದೇ ರಾಗದ ಒಂದೇ ಒಂದು ಹಾಡನ್ನ ಟೀಚರಮ್ಮ ತಾವೇ ಕೈಯಾರೆ ನಗೆಪಾಟಲು ಮಾಡಿದ ಹಾಗೆ. ಯಜಮಾನರ ಎರಡನೇ ಚರಣದ ಒಳ್ಳೇ ಪದವೂ ಅದರ ಜೊತೆಗೇ.

ಅಷ್ಟರಲ್ಲಿ ಒಬ್ಬ ಗಿರಾಕಿ ಬಂದ. ಜೋಡಿ ಹಾಸಿಗೆ ಬೇಕು, ಈಗಲೇ ಕೊಡಿ ಅಂದ. ಅದಿದ್ದದ್ದು ಮೇಲಿನ ಗೋದಾಮಲ್ಲಿ. ಭಾವ–ಭಾಮೈದ ಮೆಟ್ಟಿಲು ಹತ್ತಿದ್ರು. ಇಳಿಯುವಾಗ ಹಾಸಿಗೆ ತಿರುವಿನಲ್ಲಿ ಬಾಳೆಹಣ್ಣಿನ ಥರ ಬಗ್ಗಿ ಸಿಕ್ಕಿಹಾಕ್ಕೊಳ್ತು. ಮೇಲೆ ಭಾವ, ಕೆಳಗೆ ಭಾಮೈದ, ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣಲ್ಲ.

"ನೀನು ಆ ತುದಿ ಹಿಡಿಯೋ!"

"ಹಿಡಿದಿದೀನಿ ಭಾವ! ನೀನೇ ಬಿಟ್ಟಿದೀಯಾ!"

"ಎಡಕ್ಕೆ!"

"ನಿನ್ನ ಎಡಕ್ಕಾ, ನನ್ನ ಎಡಕ್ಕಾ?"

ಕೆಳಗೆ ನಿಂತಿದ್ದ ಟೀಚರಮ್ಮ ಮೆಲ್ಲಗೆ ರಾಗ ಎಳೆದ್ರು: "ನೀನು ಆ ತುದಿ ಹಿಡಿ... ನಾನು ಈ ತುದಿ..." ಹಾಸಿಗೆ ಕೆಳಗಿಂದ ಭಾಮೈದನ ದನಿ, ಉಸಿರು ಕಟ್ಟಿಕೊಂಡೇ, ತಾನಾಗಿಯೇ ಮುಂದುವರೀತು: "ಮಧ್ಯೆ ಸಿಕ್ಕಿಹಾಕ್ಕೊಂಡ ನಮ್ಮ ಗಿರಾಕಿ!" ಭಾವ ನಕ್ಕ ರಭಸಕ್ಕೆ ಕೈ ಸಡಿಲಾಗಿ, ಹಾಸಿಗೆ, ಭಾಮೈದ ಇಬ್ಬರೂ ಒಟ್ಟಿಗೇ ಕೆಳಗೆ ಬಂದ್ರು. ಉರುಳುವಾಗ ಹಾಸಿಗೆ ಅವನ ಅಡಿಗೆ ಬಂದಿದ್ರಿಂದ ಪೆಟ್ಟಾಗಲಿಲ್ಲ. ಗಿರಾಕಿ ಮೃದುತ್ವದ ಪರೀಕ್ಷೆ ಆಯ್ತು ಅಂತ ಅದನ್ನೇ ಕಟ್ಟಿಸಿಕೊಂಡು ಹೋದ.

"ಇನ್ನೂ ಬೇಡ ಅಂತೀಯಾ?" ಅಂದ್ರು ಟೀಚರಮ್ಮ.

ಭಾಮೈದ ಕೂದಲಲ್ಲಿ ಸಿಕ್ಕಿದ್ದ ಹತ್ತಿ ಕಿತ್ಕೊಳ್ತಾ, "ಇದು ನಾನು ಕಟ್ಟಿದ್ದಲ್ಲ ಅಕ್ಕಾ, ಹಾಸಿಗೆ ಕಟ್ಟಿದ್ದು," ಅಂದ. ಅಂದವನು ಸಂಜೆಯೊಳಗೆ ಮೂರು ಚರಣ ಬರೆದಿಟ್ಟ.

ಟೀಚರಮ್ಮ ಅದನ್ನ ಯಜಮಾನರಿಗೆ ಓದಿ ಹೇಳಿದ್ರು. ಯಜಮಾನರು ಫ್ಯಾನಿನ ರೆಕ್ಕೆ ಒರೆಸೋದು ನಿಲ್ಲಿಸಿ ಪೂರ್ತಿ ಕೇಳಿದ್ರು. "ಎರಡನೇ ಚರಣದಲ್ಲಿ 'ಬೀರು ಬೀದಿಪಾಲು, ಬೆರಳು ಬಾಗಿಲಪಾಲು' ಅಂದಿದಾನಲ್ಲ?"

"ಹೂಂ."

"ನನ್ನದಕ್ಕಿಂತ ಚೆನ್ನಾಗಿದೆ ಕಣೇ, ದರಿದ್ರದವನು," ಅಂತ ನಕ್ಕು ಮತ್ತೆ ರೆಕ್ಕೆ ಒರೆಸಿದ್ರು.

ಅಣಕ ಹೊರಬಿತ್ತು. ಮನೆ ಬದಲಾಯಿಸೋರ ಹಾಡು ಅಂತ ಅದಕ್ಕೆ ತಾನಾಗಿ ಹೆಸರು ಬಿತ್ತು. ಸಾಮಾನು ಸಾಗಿಸೋರು ಹಾಡಿದ್ರು, ಆಫೀಸಲ್ಲಿ ಮೇಜು ಜರುಗಿಸೋರು ಹಾಡಿದ್ರು. ಇಬ್ಬರು ಪೊಲೀಸರು ಕೆಟ್ಟ ಸ್ಕೂಟರ್ ಎತ್ತುವಾಗ ಹಾಡಿದ್ದನ್ನ ಯಾರೋ ಮೊಬೈಲಲ್ಲಿ ಹಿಡಿದು ಹಂಚಿದ್ರು. ಅಸಲು ಕೇಳ್ಕೊಂಡು ಮಾತ್ರ ಯಾರೂ ಬರಲಿಲ್ಲ. "ಕಾಯೋಣ," ಅಂದ್ರು ಟೀಚರಮ್ಮ. ಗೇರು ಹಾಕೋಕೆ ಬರದವರ ಪಕ್ಕ ಕೂತು ಕೂತು ಅವರಿಗೆ ತಾಳ್ಮೆ ಮೈಗೆ ಅಂಟಿತ್ತು.

ಒಂದು ಭಾನುವಾರ ಬೆಳಗ್ಗೆ ತರಕಾರಿ ಚೀಲ ಹಿಡ್ಕೊಂಡು ಬರ್ತಾ ಇದ್ರೆ, ಅವರ ಕಟ್ಟಡದ ಮೆಟ್ಟಿಲ ಮೇಲೆ ದಾರಿ ಬಂದ್. ಮೇಲಿನ ಮನೆಗೆ ಬಾಡಿಗೆಗೆ ಬರ್ತಿರೋ ಹೊಸ ಗಂಡ ಹೆಂಡ್ತಿ. ಸೋಫಾ ತಿರುವಿನಲ್ಲಿ ಕಾಲು ಮೇಲೆ ಮಾಡಿ ನಿಂತಿದೆ. ಗಂಡ ಮೇಲಿನಿಂದ ಬೆವರು ಸುರಿಸ್ತಿದಾನೆ, ಹೆಂಡ್ತಿ ಕೆಳಗಿನಿಂದ ಹಾಡ್ತಿದಾಳೆ: "ನೀನು ಆ ತುದಿ ಹಿಡಿ, ನಾನು ಈ ತುದಿ..."

ರಾಗ ಎರಡನೇ ಸಾಲಿಗೆ ಜಾರಿತು. ಇಳೀಬೇಕಾದ ಕಡೆ ಹುಡುಗಿ ಏರಿಸಿದಳು. ಟೀಚರಮ್ಮನಿಗೆ ತಡೆಯೋಕಾಗಲಿಲ್ಲ.

"ಅಲ್ಲಿ ಇಳಿಸಬೇಕು ಮಗಾ."

"ಸೋಫಾನಾ ಆಂಟಿ?"

"ರಾಗಾನ. ಹೀಗೆ..." ಅಂತ ಎರಡು ಸಾಲು ಹಾಡಿ ತೋರಿಸಿದ್ರು. ಬಾಯಿಗೆ ಬಂದಿದ್ದು ಗಿರಾಕಿಯ ಪದ ಅಲ್ಲ, ದುಪ್ಪಟಿಯದು.

ಹುಡುಗಿ ಸೋಫಾದ ಕಾಲಿನ ಮಧ್ಯದಿಂದ ತಲೆ ಹಾಕಿ ನೋಡಿದಳು. "ಇದಕ್ಕೆ ಬೇರೆ ಪದ ಇದೆಯಾ ಆಂಟಿ? ಅಂದ್ರೆ... ಇದಕ್ಕೆ ಅಸಲಿ ಹಾಡು ಅಂತ ಒಂದಿದೆಯಾ?"

"ಇದೆ."

"ಹಾಡಿ ಹಾಡಿ, ಪೂರ್ತಿ ಹಾಡಿ!"

"ಲೇ, ಮೊದಲು ಇದನ್ನ ಇಳಿಸೋಣ ಕಣೇ, ನನ್ನ ಸೊಂಟ!" ಅಂದ ಮೇಲಿನವನು.

ಸೋಫಾನ ಹೇಗೋ ತಿರುವಿನ ಕಟ್ಟೆ ಮೇಲೆ ನೆಟ್ಟಗೆ ಕೂರಿಸಿದ್ರು. ಹುಡುಗಿ ಅದರ ಮೇಲಿನ ಧೂಳು ಸೆರಗಲ್ಲಿ ಝಾಡಿಸಿ ಟೀಚರಮ್ಮನನ್ನ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು. ಗಂಡ ಸೊಂಟ ಹಿಡ್ಕೊಂಡು ಮೆಟ್ಟಿಲ ಮೇಲೇ ಕುಕ್ಕರಿಸಿದ.

"ಇದನ್ನ ಹಾಡಿದ್ದು ಯಾರು ಆಂಟಿ? ಫೇಮಸ್ಸಾ?"

"ನಾನೇ. 'ಮುಚ್ಚಬೇಡ, ಮುಚ್ಚಬೇಡ' ಅಂತ ಒಂದು ಹಾಡು ಕೇಳಿದೀಯಾ? ಫ್ರಿಜ್ಜು, ದೆವ್ವ?"

ಹುಡುಗಿ ಗಂಡನ ಮುಖ ನೋಡಿದಳು. ಗಂಡ ತಲೆ ಆಡಿಸಿದ. "ಇಲ್ವಲ್ಲ. ಏನದು?"

"ಏನಿಲ್ಲ ಬಿಡು, ಯಾವುದೋ ಹಳೇದು," ಅಂದ್ರು ಟೀಚರಮ್ಮ. ತರಕಾರಿ ಚೀಲವನ್ನ ತೊಡೆ ಮೇಲೆ ಸರಿಯಾಗಿ ಇಟ್ಕೊಂಡು, ಗಂಟಲು ಸರಿ ಮಾಡ್ಕೊಂಡು ಶುರು ಹಚ್ಚಿದ್ರು. ದನಿ ಮೆಟ್ಟಿಲುಸಾಲಿನಲ್ಲಿ ಮೇಲೆ ಹತ್ತಿ ಯಜಮಾನರ ಕಿವಿಗೂ ಬಿತ್ತು. ಸ್ಕ್ರೂಡ್ರೈವರ್ ಹಿಡಿದೇ ಬಂದು ಅವರು ಕಂಬಿಗೆ ಒರಗಿ ನಿಂತ್ರು. ಕೆಳಗಿಂದ ಮೇಲೆ ಹೋಗೋರು ಕೆಳಗೇ ಉಳಿದ್ರು, ಮೇಲಿಂದ ಇಳಿಯೋರು ಮೇಲೇ.

"ಸ್ವಲ್ಪ ದಾರಿ ಬಿಡ್ತೀರಾ?" ಅಂತ ಯಾರೋ ಕೇಳಿದ್ರು.

"ಇರಿ ಸ್ವಾಮಿ," ಅಂದ್ರು ಯಜಮಾನರು, "ಎರಡನೇ ಚರಣ ಈಗ ಬರ್ತಾ ಇದೆ."