ನಾಲ್ಕನೆಯ ಉಚಿತ ಸೌಲಭ್ಯ

ಪತ್ರ ಟೈಪು ಮಾಡುವ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದ ದಿನ ನೀರು ಸರಬರಾಜು ಕಚೇರಿಯವರನ್ನೆಲ್ಲ ಕಣ್ಣು ಕಟ್ಟಿ ಕಾಡಿನಲ್ಲಿ ಬಿಟ್ಟಂತಾಯಿತು. ಪ್ರಿಂಟ್ ಗುಂಡಿ ಇದ್ದ ಕಡೆ ಇರಲಿಲ್ಲ. ಮರುದಿನ ಗೋಡೆಗೆ ಸುತ್ತೋಲೆ ಬಂತು. ಉಚಿತವಾಗಿ ಕಲಿಯಲು ಮೂರು ಸೌಲಭ್ಯ: ಸಾಫ್ಟ್‌ವೇರಿನೊಳಗಿನ ಸಹಾಯ ಪುಟಗಳು, ಮೊಬೈಲಿನಲ್ಲಿ ಸಿಗುವ ಇಪ್ಪತ್ತು ವಿಡಿಯೊ ಪಾಠ, ಗ್ರಂಥಾಲಯದ ಶನಿವಾರದ ತರಗತಿ. ಪರೀಕ್ಷೆ ಪಾಸಾದವರ ವರ್ಗಾವಣೆ ಅರ್ಜಿಗೆ ಮೊದಲ ಆದ್ಯತೆ.

ಬಿಟ್ಟಿ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಜನ, ಬಿಟ್ಟಿ ಸಿಕ್ಕಿದ್ದು ಪಾಠ ಎಂದ ಕೂಡಲೇ ಜಾಗ ಖಾಲಿ ಮಾಡಿದರು. ಟೈಪಿಸ್ಟ್ ಒಬ್ಬಳೇ ಮೂರಕ್ಕೂ ಬಿದ್ದಳು. ಅವಳಿಗೆ ಬೇಕಿದ್ದದ್ದು ಸುತ್ತೋಲೆಯ ಕೊನೆಯ ಸಾಲು. ಗಂಡ, ಐದು ವರ್ಷದ ಮಗಳು ಇದ್ದದ್ದು ಆರು ಗಂಟೆ ಬಸ್ಸಿನ ದೂರದಲ್ಲಿ. ವಾರಕ್ಕೊಮ್ಮೆ ಮುಖ ತೋರಿಸುವ ತಾಯಿಗೆ ಮಗಳು 'ಭಾನುವಾರದಮ್ಮ' ಎಂದು ಹೆಸರಿಟ್ಟಿದ್ದಳು. ಮನೆಯವರೆಲ್ಲ ನಕ್ಕರು. ಅವಳೂ ನಕ್ಕು, ವಾಪಸು ಬರುವ ಬಸ್ಸಿನಲ್ಲಿ ಅತ್ತಳು.

ಊಟದ ಬಿಡುವಿನಲ್ಲಿ ಬಲಗೈಯಲ್ಲಿ ತುತ್ತು, ಎಡಗೈಯಲ್ಲಿ ಪಾಠ. ಎರಡು ತಿಂಗಳಿಗೆ ಪರೀಕ್ಷೆ ಪಾಸಾಗಿ ವರ್ಗಾವಣೆಗೆ ಅರ್ಜಿ ಹಾಕಿದಳು. ಅದೇ ಹುರುಪಿನಲ್ಲಿ ಕಚೇರಿಯ ಪತ್ರಗಳಿಗೆ ಒಂದು ಮಾದರಿ ಪುಟವನ್ನೂ ಮಾಡಿಟ್ಟಳು. ಅಂಚು, ಅಕ್ಷರದ ಅಳತೆ, ಸಾಲಿನ ಅಂತರ ಎಲ್ಲ ತಾವಾಗಿಯೇ ಸರಿಹೋಗುತ್ತಿದ್ದವು. ಯಾರೂ ಕೆಡಿಸದಿರಲೆಂದು ಅದಕ್ಕೆ ಪಾಸ್‌ವರ್ಡಿನ ಬೀಗ ಹಾಕಿದಳು.

ಅವಳಿಗೆ ಎಲ್ಲ ಬರುತ್ತದೆಂದು ಗೊತ್ತಾದದ್ದೇ ಶುರುವಾಯಿತು ಕಾಟ. "ಮೇಡಂ, ನನ್ನ ಪುಟ ಅಡ್ಡ ಮಲಗಿಬಿಟ್ಟಿದೆ," ಎಂದ ಗುಮಾಸ್ತ. "ಅಕ್ಕಾ, ಅಕ್ಷರ ಎಲ್ಲ ಚೌಕ ಚೌಕ ಆಗಿದೆ," ಎಂದಳು ರವಾನೆ ವಿಭಾಗದವಳು. ಯಾರೋ ಸುತ್ತೋಲೆಯ ಮೂರು ಸೌಲಭ್ಯಗಳ ಕೆಳಗೆ ಪೆನ್ನಿನಲ್ಲಿ ನಾಲ್ಕನೆಯದನ್ನು ಸೇರಿಸಿದರು: ನಮ್ಮ ಟೈಪಿಸ್ಟ್ ಮೇಡಂ. ಅದನ್ನು ಓದಿ ಹೆಮ್ಮೆಪಟ್ಟಳು, ಪೆದ್ದಿ.

ಬುಧವಾರ ಮ್ಯಾನೇಜರ್ ಒಳಗೆ ಕರೆದು, "ಒಂದು ಪತ್ರ ಇದೆ, ಟೈಪ್ ಮಾಡಿಮ್ಮ. ಬೇರೆಯವರಿಗೆ ಕೊಟ್ರೆ ಕುಲಗೆಡಿಸ್ತಾರೆ," ಎಂದರು. ಅವರು ಹೇಳುತ್ತ ಹೋದರು, ಅವಳು ಒತ್ತುತ್ತ ಹೋದಳು. ವಿಷಯ: ವರ್ಗಾವಣೆ ಕೋರಿಕೆ. ಅವಳ ಬೆರಳುಗಳು ಇನ್ನೂ ಚುರುಕಾದವು. ಸದರಿ ನೌಕರರ ಸೇವೆ ಈ ಕಚೇರಿಗೆ ಅತ್ಯಗತ್ಯವಾಗಿರುವುದರಿಂದ ಕೋರಿಕೆಯನ್ನು ತಿರಸ್ಕರಿಸಲಾಗಿದೆ.

"ಸರ್, ಇದು ನಂದು."

"ಗೊತ್ತಮ್ಮ. ನೀವು ಹೋದ್ರೆ ಇವರಿಗೆ ಹೇಳಿಕೊಡೋರು ಯಾರು?"

"ಆ ಪಾಠ ಎಲ್ಲಾ ಅವರಿಗೂ ಬಿಟ್ಟೀನೇ ಸಿಗುತ್ತಲ್ಲ ಸರ್."

"ನೀವಿರೋವಾಗ ಅವರ್ಯಾಕಮ್ಮ ಅದನ್ನ ನೋಡ್ತಾರೆ?"

ಮಾಡಿದ್ದುಣ್ಣೋ ಮಹಾರಾಯ ಎನ್ನುವುದು ಇದಕ್ಕೇ ಇರಬೇಕು. ಹೊಟ್ಟೆಯುರಿಗೆ ಪತ್ರವನ್ನಾದರೂ ಕೆಡಿಸೋಣವೆಂದು ಸಾಲನ್ನು ಎಡಕ್ಕೆ ಎಳೆದಳು. ಅವಳೇ ಮಾಡಿಟ್ಟ ಮಾದರಿ ಪುಟ, ಸಾಲು ಮರಳಿ ತನ್ನ ಜಾಗಕ್ಕೆ ಬಂತು. ಅಕ್ಷರ ಹಿಗ್ಗಿಸಲು ನೋಡಿದಳು, ಜಗ್ಗಲಿಲ್ಲ. ಬೀಗ ತೆಗೆಯುವ ಪಾಸ್‌ವರ್ಡ್ ಅವಳೊಬ್ಬಳಿಗೇ ಗೊತ್ತಿತ್ತು: ಭಾನುವಾರ. ಅದನ್ನು ಒತ್ತಲು ಬೆರಳು ಏಳಲಿಲ್ಲ.

ಪತ್ರ ಲಕ್ಷಣವಾಗಿ ಅಚ್ಚಾಗಿ ಬಂತು. ಮ್ಯಾನೇಜರ್ ಮೆಚ್ಚಿ ಸಹಿ ಹಾಕಿ, ಅವಳ ಪ್ರತಿಯನ್ನು ಅವಳ ಕೈಗೇ ಕೊಟ್ಟರು.

ಅವಳು ಹೊರಗೆ ಕಾಲಿಡುತ್ತಿದ್ದಂತೆ ಗುಮಾಸ್ತ ತನ್ನ ಕುರ್ಚಿಯಿಂದಲೇ ಕೇಳಿದ, "ಮೇಡಂ, ಫ್ರೀ ಇದೀರಾ?"

ಅವಳು ಕಾಗದವನ್ನು ನಾಲ್ಕಾಗಿ ಮಡಚಿದಳು.

"ಹೂಂ," ಎಂದಳು. "ಪೂರ್ತಿ ಫ್ರೀ."